ಅಡುಗೆಮನೆಯ ಬಾಯ್ಲರು

ಬ್ಯಾಡಗಿ
3 ಆಗಸ್ಟ್ 2003, ರವಿವಾರ

ಚಿ. ಸೌ. ಸುಶ್ಮಿತಾಳಿಗೆ,

ತರಬೇತಿಯ ಸೀಟು ಅಲ್ಲೇ ಸಿಕ್ಕಿತೆಂದು ನೀನು ಕೋಲಾರಕ್ಕೆ ಹೋಗಿ ಇಂದಿಗೆ ಇಪ್ಪತ್ತೆರಡು ದಿನ. ಹಾಸ್ಟೆಲಿಗೆ ಫೋನು ಮಾಡಿದರೆ ನಿನ್ನ ದನಿಗಿಂತ ಹಿಂದೆ ಸಾಲಾಗಿ ನಿಂತ ಹುಡುಗಿಯರ ಗದ್ದಲವೇ ಹೆಚ್ಚು ಕೇಳುತ್ತದೆ. ಅದಕ್ಕೇ ಬರೆಯಲು ಕೂತೆ. ಮಾಸ್ತರಿಕೆ ಕಲಿಯುತ್ತಿರುವವಳು ಎಂದು ನನ್ನ ಅಕ್ಷರಕ್ಕೆ ಕೆಂಪು ಗೆರೆ ಎಳೆದು ವಾಪಸು ಕಳಿಸಬೇಡ.

ಇಲ್ಲಿ ಎಲ್ಲ ಬರೋಬ್ಬರಿ ನಡೆದಿದೆ. ಕರ್ಜಗಿಯಿಂದ ಅವ್ವ ಬಂದು ಮನೆ ಹಿಡಿದಿದ್ದಾಳೆ. ಭಾಗ್ಯಶ್ರೀ ಎರಡನೇ ಇಯತ್ತೆಗೆ ತಕರಾರಿಲ್ಲದೆ ಹೋಗುತ್ತಾಳೆ. ಗುಡ್ಡೇಶನಿಗೆ ಎರಡು ತುಂಬಿದ ಮೇಲೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ನೀನು ಚಿಂತೆ ಮಾಡಬೇಡ, ಮಕ್ಕಳು ನಿನ್ನ ನೆನಪೇ ತೆಗೆಯುವುದಿಲ್ಲ.

ಒಂದು ಹೊಸ ಸುದ್ದಿ ಇದೆ. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ನಮ್ಮ ಕಾರ್ಖಾನೆಗೆ ಈಗಿನದರ ಎರಡರಷ್ಟು ದೊಡ್ಡ ಬಾಯ್ಲರು ಬರುವುದು ಖಾತ್ರಿಯಾಯಿತು. ಅದನ್ನು ನಡೆಸುವವನ ಹತ್ತಿರ ಸರ್ಕಾರದ ಫಸ್ಟ್ ಕ್ಲಾಸ್ ಸರ್ಟಿಫಿಕೇಟು ಇರಲೇಬೇಕು. ನಮ್ಮಲ್ಲಿ ಅದು ಇರುವುದು ಇಸಾಕಸಾಬರೊಬ್ಬರಿಗೆ. ಅವರು ಬರುವ ಮೇ ತಿಂಗಳಿಗೆ ನಿವೃತ್ತಿ ತೆಗೆದುಕೊಂಡು ರಾಣೆಬೆನ್ನೂರಿನ ಮನೆಯಲ್ಲಿ ಆರಾಮ ಕೂಡುತ್ತಾರಂತೆ. ನನ್ನದು ಸೆಕೆಂಡ್ ಕ್ಲಾಸು. ಮಾಲೀಕರು ಕರೆದು, "ಮಾಲತೇಶಿ, ನೀ ಪಾಸಾದಿ ಅಂದ್ರ ಬಾಯ್ಲರ್ ನಿನ್ನ ಕೈಯಾಗ. ಇಲ್ಲಾಂದ್ರ ಹೊರಗಿನಾಂವನ್ನ ತರಬೇಕಾಗತೈತಿ, ನೀ ಅವನ ಕೈಕೆಳಗ" ಎಂದರು. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಪರೀಕ್ಷೆ. ಬರೆಯುವುದು ಸ್ವಲ್ಪ, ಬಾಯಿಂದ ಹೇಳುವುದೇ ಬಹಳ. ಮೂವರು ಸಾಹೇಬರು ಎದುರಿಗೆ ಕೂತು ಕೇಳುತ್ತಾರೆ. ಅರ್ಜಿ ಹಾಕಿಬಿಟ್ಟೆ.

ಪುಸ್ತಕ ಇಂಗ್ಲಿಷಿನಲ್ಲಿದೆ. ನಾನು ಐಟಿಐನಲ್ಲಿ ಕಲಿತ ಇಂಗ್ಲಿಷು ನಟ್ಟು ಬಿಗಿಯುವ ಪಾನಾದ ಮೇಲಿನ ಅಳತೆ ಓದುವುದಕ್ಕೆ ಸಾಲುತ್ತದೆ, ಪುಸ್ತಕಕ್ಕೆ ಸಾಲುವುದಿಲ್ಲ. ಕೆಲಸದಿಂದ ಬಂದು, ಅಂಗಿ ಹಿತ್ತಲಲ್ಲೇ ಬಿಟ್ಟು, ಮೈಮೇಲಿನ ಖಾರದ ಪುಡಿ ಹೋಗುವ ತನಕ ಸ್ನಾನ ಮಾಡಿ, ಆಮೇಲೆ ಗುಡ್ಡೇಶನನ್ನು ಮುಟ್ಟುತ್ತೇನೆ. ಅವನು ಒಂದು ತೊಡೆಯ ಮೇಲೆ, ಪುಸ್ತಕ ಇನ್ನೊಂದರ ಮೇಲೆ. ನಿನ್ನೆ ಸೇಫ್ಟಿ ವಾಲ್ವಿನ ಚಿತ್ರವಿದ್ದ ಹಾಳೆಯನ್ನು ಹರಿದು ತಿಂದ. ಅರ್ಧ ಉಳಿದಿದೆ.

ನಿನ್ನ
ಮಾಲತೇಶ


ಕೋಲಾರ
10 ಆಗಸ್ಟ್ 2003

ಭಾಗ್ಯಶ್ರೀಯ ಅಪ್ಪನವರಿಗೆ,

ಪತ್ರ ಮುಟ್ಟಿತು. ಮಕ್ಕಳು ನನ್ನ ನೆನಪು ತೆಗೆಯುವುದಿಲ್ಲವೆಂದು ತಿಳಿದು ಬಹಳ ಸಮಾಧಾನವಾಯಿತು. ಇಪ್ಪತ್ತೆರಡು ದಿನಕ್ಕೇ ಇಷ್ಟಾದರೆ, ಎರಡು ವರ್ಷದ ತರಬೇತಿ ಮುಗಿಸಿ ಬಾಗಿಲಿಗೆ ಬಂದಾಗ ನಾನು ಯಾರೆಂದು ಪಕ್ಕದ ಮನೆಯ ಭರಮವ್ವನೇ ಅವರಿಗೆ ಹೇಳಬೇಕಾದೀತು.

ಇಲ್ಲಿ ಎಲ್ಲ ಚೆನ್ನಾಗಿದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದನ್ನು ಕಲಿತೆ. ಬೇರೆ ವಿಶೇಷ ಇಲ್ಲ.

ನಿಮ್ಮ ಪರೀಕ್ಷೆಯ ಬಗ್ಗೆ ಒಂದು ಮಾತು. ಒಂದು ವಿಷಯವನ್ನು ಇನ್ನೊಬ್ಬರಿಗೆ ಕಲಿಸಿದಾಗಲೇ ಅದು ನಮಗೆ ಬರುವುದು ಎಂದು ನಮ್ಮ ಮೇಡಂ ಒಬ್ಬರು ಹೇಳುತ್ತಾರೆ. ಆ ಪುಸ್ತಕವನ್ನು ಬಾಯಿಪಾಠ ಮಾಡಲು ಹೋಗಬೇಡಿ. ಭಾಗ್ಯಶ್ರೀಗೆ ಕಲಿಸಿ. ಅತ್ತೆಯವರಿಗೂ ಕಲಿಸಿ. ಅವರು ಅರ್ಧಕ್ಕೆ ಎದ್ದು ಹೋದರೆ ತಿಳಿಯದೇ ಇರುವುದು ನಿಮಗೆ, ಅವರಿಗಲ್ಲ.

ಹಾಳೆ ತಿಂದವನಿಗೆ ಹೊಟ್ಟೆ ನೋಯಿತೋ ಇಲ್ಲವೋ, ಅದನ್ನು ಬರೆಯಲಿಲ್ಲ.

ಸುಶ್ಮಿತಾ


ಬ್ಯಾಡಗಿ
17 ಆಗಸ್ಟ್ 2003

ಸುಶ್ಮಿತಾ,

ಹೊಟ್ಟೆ ನೋಯಲಿಲ್ಲ. ಹಾಳೆ ಮರುದಿನ ಹೊರಗೆ ಬಂತು, ಓದುವ ಸ್ಥಿತಿಯಲ್ಲಿ ಇರಲಿಲ್ಲ.

ಪತ್ರ ಸಣ್ಣದು, ಸಿಟ್ಟು ದೊಡ್ಡದು. ಅದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಹಿಟ್ಟಿನ ಕೈ ಹಾಗೇ ಹಿಡಿದು, "ನಿನಗ ಬುದ್ಧಿ ಐತೇನೋ? ಹಡದಾಕಿಗೆ ಮಕ್ಕಳು ನೆನಸೂದಿಲ್ಲ ಅಂತ ಬರೀತಾರೇನ? ಅಕಿ ಅಲ್ಲಿ ಹೆಂಗ ಉಣಬೇಕು?" ಎಂದು ಬೈದಳು. ನೀನು ಅಳಬಾರದು ಎಂದು ಹಾಗೆ ಬರೆದೆ. ಈಗ ಖರೇ ಬರೆಯುತ್ತೇನೆ. ಅಳುವುದಾದರೆ ಅತ್ತುಬಿಡು.

ನೀನು ಬಸ್ಸು ಹತ್ತಿ ಹೋದದ್ದನ್ನು ಗುಡ್ಡೇಶ ನೋಡಿದ್ದ. ಈಗ ರಸ್ತೆಯಲ್ಲಿ ಕೆಂಪು ಬಸ್ಸು ಕಂಡರೆ "ಅವ್ವ ಬಂದ್ಲು" ಎಂದು ಓಡುತ್ತಾನೆ. ಬಸ್ಸು ನಿಲ್ಲದೆ ಮುಂದೆ ಹೋದರೆ "ಅವ್ವ ಹ್ವಾದ್ಲು" ಎಂದು ಹೊಳ್ಳಿ ಬರುತ್ತಾನೆ. ನಮ್ಮ ರಸ್ತೆಯಲ್ಲಿ ನೀನು ದಿನಕ್ಕೆ ಮೂವತ್ತು ಸಲ ಬರುತ್ತೀ, ಮೂವತ್ತು ಸಲ ಹೋಗುತ್ತೀ. ಭಾಗ್ಯಶ್ರೀ "ಆಯಿ ಬ್ಯಾಡ" ಎಂದು ನಮ್ಮವ್ವನ ಕೈಯಿಂದ ಜಡೆ ಹಾಕಿಸಿಕೊಳ್ಳುವುದಿಲ್ಲ. ನಾನು ಹಾಕುತ್ತೇನೆ. "ಅಪ್ಪಾ, ನಟ್ಟು ಬಿಗದಂಗ ಬಿಗೀಬ್ಯಾಡ" ಎಂದು ಕಿರುಚುತ್ತಾಳೆ, ಆದರೆ ದಿನವೂ ಬಂದು ನನ್ನ ಮುಂದೆಯೇ ಕೂಡುತ್ತಾಳೆ.

ನಿನ್ನ ಮೇಡಮ್ಮಿನ ಮಾತು ಕೇಳಿದೆ. ಅಡುಗೆಮನೆಯಲ್ಲಿ ನೀರಿನ ಹಂಡೆಯನ್ನು ಬಾಯ್ಲರು ಮಾಡಿದೆ. ಭಾಗ್ಯಶ್ರೀಯ ನೀರಿನ ಬಾಟಲಿ ಗೇಜ್ ಗ್ಲಾಸು, ಅಂದರೆ ಒಳಗೆ ಎಷ್ಟು ನೀರಿದೆ ಎಂದು ಹೊರಗೆ ತೋರಿಸುವ ಗಾಜಿನ ನಳಿಗೆ. ನೀರು ಕಡಿಮೆಯಾಗಿ ತಗಡು ಕಾದು ಕೆಂಪಾದರೆ ಬಾಯ್ಲರು ಸಿಡಿಯುತ್ತದೆ, ಅದಕ್ಕೇ ಆ ಗಾಜಿನ ಮೇಲಿನ ಕಣ್ಣು ತೆಗೆಯಬಾರದು ಎಂದು ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, "ಅಲ್ಲಪಾ, ಗಾಜು ಪೂರಾ ತುಂಬಿದ್ರೂ ನೀರಿನ ಗೆರಿ ಕಾಣೂದಿಲ್ಲ, ಪೂರಾ ಬರಿದಾದ್ರೂ ಕಾಣೂದಿಲ್ಲ. ತುಂಬೇತೋ ಬರಿದಾಗೇತೋ ನಿನಗ ಹೆಂಗ ಗೊತ್ತಾಕ್ಕೈತಿ?"

ನಾನು ದಂಗಾದೆ. ಒಂಬತ್ತು ವರ್ಷ ಬಾಯ್ಲರಿನ ಮುಂದೆ ನಿಂತಿದ್ದೇನೆ, ಕೈ ತಾನೇ ಕೆಳಗಿನ ನಳ ತಿರುಗಿಸಿ ನೋಡುತ್ತದೆ. ನೀರು ಚಿಮ್ಮಿದರೆ ತುಂಬಿದೆ, ಬರೀ ಹಬೆ ಬಂದರೆ ಬರಿದಾಗಿದೆ. ಆದರೆ ಅದನ್ನು ಹಿಂದೆ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಅವ್ವ ಓದಿದ್ದರೆ ಅವಳೇ ಸಾಹೇಬಳಾಗುತ್ತಿದ್ದಳು.

ಮಾಲತೇಶ


ಬ್ಯಾಡಗಿ
14 ಸೆಪ್ಟೆಂಬರ್ 2003

ಚಿ. ಸೌ. ಸುಶ್ಮಿತಾಳಿಗೆ,

ನಿನ್ನ ಎರಡೂ ಪತ್ರ ಬಂದಿವೆ. ಉತ್ತರಿಸಲು ತಡವಾಯಿತು.

ಇಲ್ಲಿ ಮಳೆ ಹದವಾಗಿದೆ. ಅವ್ವ ಹಿತ್ತಲಲ್ಲಿ ಹೀರೆಬಳ್ಳಿ ಹಬ್ಬಿಸಿದ್ದಾಳೆ, ಅದು ಈಗ ಭರಮವ್ವನ ಮಾಳಿಗೆಗೂ ಹೋಗಿದೆ. ಭರಮವ್ವನ ಎಮ್ಮೆ ಈದಿತು, ಗಿಣ್ಣ ಕೊಟ್ಟು ಕಳಿಸಿದಳು. ಗುಡ್ಡೇಶ ಗಿಣ್ಣ ತಿಂದು ಬಟ್ಟಲನ್ನು ತಲೆಗೆ ಹಾಕಿಕೊಂಡ. ಇಸಾಕಸಾಬರು ಹೊಸ ಸೈಕಲ್ಲು ಕೊಂಡಿದ್ದಾರೆ. ಸ್ಟೇಷನ್ ರಸ್ತೆಯಲ್ಲಿ ಹೊಸ ಹೊಟೇಲು ಆಗಿದೆ, ಮಿರ್ಚಿ ಚಲೋ ಇರುತ್ತವಂತೆ. ಕೊತ್ತಂಬರಿ ಸೊಪ್ಪು ಸಿಗುತ್ತಿಲ್ಲ.

ದಸರೆಗೆ ಬರುವಾಗ ಸ್ವೆಟರು ತಾ, ಇಲ್ಲಿ ಮುಂಜಾನೆ ತಂಪು ಶುರುವಾಗಿದೆ. ಭಾಗ್ಯಶ್ರೀ ತಾನೂ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹಿಂದಿನ ಮಗ್ಗುಲು ಅವಳಿಗೆ ಬಿಟ್ಟಿದ್ದೇನೆ. ಅವಳು ಬರೆದು ಅಂಟಿಸಿ ತರುತ್ತಾಳೆ, ನಾನು ಡಬ್ಬಿಗೆ ಹಾಕುತ್ತೇನೆ.

ಮಾಲತೇಶ

ಅವ್ವಾ ನಾನು ಚನಾಗಿ ಇದೇನಿ. ಆಯಿ ದಿನಾ ಹೀರಿಕಾಯಿ ಪಲ್ಲೆ ಮಾಡತಾಳ. ಗುಡ್ಡ್ಯಾ ನನ್ನ ಪಾಟಿ ವಡದಾನ. ಅಪ್ಪ ಪರಿಕ್ಶೆ ನಪಾಸ ಆಗ್ಯಾನ. ಅವ್ವಗ ಹೇಳಬ್ಯಾಡ ಅಂದಾನ. ನಾನು ಹೇಳಿಲ್ಲ ಬರದೇನಿ.
ಭಾಗ್ಯಶ್ರೀ ಮಾ.


ಕೋಲಾರ
19 ಸೆಪ್ಟೆಂಬರ್ 2003

ಭಾಗ್ಯಶ್ರೀಯ ಅಪ್ಪನವರಿಗೆ,

ಮಳೆ, ಹೀರೆಬಳ್ಳಿ, ಎಮ್ಮೆ, ಸೈಕಲ್ಲು, ಮಿರ್ಚಿ, ಕೊತ್ತಂಬರಿ ಎಲ್ಲ ಮುಟ್ಟಿದವು. ಪತ್ರದ ಹಿಂದಿನ ಮಗ್ಗುಲೂ ಮುಟ್ಟಿತು. ಮಗಳನ್ನು ಬೈಯಬೇಡಿ. ಅವಳು ಕೊಟ್ಟ ಮಾತಿಗೆ ತಪ್ಪಿಲ್ಲ. ಅವಳ ಬರಹವನ್ನು ಕೋಣೆಯ ಗೆಳತಿಯರಿಗೆಲ್ಲ ಓದಿ ಹೇಳಿದೆ. ನಕ್ಕೂ ನಕ್ಕೂ ಒಬ್ಬಳು ಮಂಚದಿಂದ ಬಿದ್ದಳು.

ನಕ್ಕಾದ ಮೇಲೆ ನನಗೇ ಕೆಡುಕೆನಿಸಿತು. ನೀವು ಇದನ್ನು ಒಬ್ಬರೇ ಇಟ್ಟುಕೊಂಡು ಕೊತ್ತಂಬರಿಯ ವಿಷಯ ಹುಡುಕಿದ್ದೀರಿ. ನಾನು ಬೇಸರ ಮಾಡಿಕೊಂಡು ತರಬೇತಿ ಬಿಟ್ಟು ಬಂದೇನು ಎಂಬ ಹೆದರಿಕೆ ಇರಬೇಕು. ಹಾಗಾದರೆ ನನ್ನದನ್ನೂ ಕೇಳಿ.

ಆಗಸ್ಟಿನಲ್ಲಿ 'ಎಲ್ಲ ಚೆನ್ನಾಗಿದೆ' ಎಂದು ಬರೆದಿದ್ದೆ. ಚೆನ್ನಾಗಿರಲಿಲ್ಲ. ಮೊದಲ ಬೋಧನಾಭ್ಯಾಸದ ದಿನ ನಾಲ್ಕನೇ ತರಗತಿಗೆ ಹೋಗಿ, "ಎಲ್ಲಾರೂ ಸುಮ್ಮನ ಕುಂದರ್ರಿ, ಗದ್ಲ ಮಾಡಬ್ಯಾಡ್ರಿ" ಎಂದೆ. ನಲವತ್ತು ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಒಬ್ಬ ಎದ್ದು ನಿಂತು, "ಮಿಸ್, ನೀವು ಯಾವ ದೇಶದೋರು?" ಎಂದ. ಪಾಠ ನೋಡಲು ಬಂದಿದ್ದ ಉಪನ್ಯಾಸಕರು ನನ್ನ ಭಾಷೆಗೆಂದೇ ಅರ್ಧದಷ್ಟು ಅಂಕ ಕತ್ತರಿಸಿದರು. ಮರುದಿನವೇ ನಿಮ್ಮ 'ನೆನಪೇ ತೆಗೆಯುವುದಿಲ್ಲ' ಬಂತು. ಟ್ರಂಕು ತುಂಬಿಕೊಂಡು ಕೋಲಾರದ ಬಸ್ ಸ್ಟ್ಯಾಂಡಿಗೆ ಹೋದೆ. ಬೆಂಗಳೂರು ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಒಂದು ಸೋಡಾ ಕುಡಿದು ಹೊಳ್ಳಿ ಬಂದೆ. ಯಾಕೆ ಬಂದೆನೆಂದು ನನಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ಕಡೆ ಹುಟ್ಟಿದವಳು ಮಾಸ್ತರಳಾಗಬಾರದೇನು ಎಂಬ ಹಟ ಇದ್ದೀತು.

ಆ ಮಕ್ಕಳು ಈಗ ನನ್ನನ್ನು ಕಂಡರೆ "ಕುಂದರ್ರಿ ಮಿಸ್ ಬಂದ್ರು" ಎನ್ನುತ್ತಾರೆ. ಈ ಸಲ ಅವರು ನಗುವುದು ಬೇರೆ ಥರ.

ಹುಬ್ಬಳ್ಳಿಯಲ್ಲಿ ಏನಾಯಿತು, ಮೊದಲಿನಿಂದ ಬರೆಯಿರಿ. ನಾನು ಬಂದ ಮೇಲೆ ಬಾಯಿಂದ ಹೇಳಲು ನಿಮಗಾಗುವುದಿಲ್ಲ, ನನಗೆ ಗೊತ್ತು. ಇಂಗ್ಲಿಷಿನಲ್ಲಿ ಕೇಳಿದರೇನು?

ಸುಶ್ಮಿತಾ


ಬ್ಯಾಡಗಿ
24 ಸೆಪ್ಟೆಂಬರ್ 2003

ಸುಶ್ಮಿತಾ,

ಇಂಗ್ಲಿಷಿನಲ್ಲಿ ಕೇಳಿದ್ದರೆ ತಿಳಿಯಲಿಲ್ಲ ಎಂದಾದರೂ ಹೇಳುತ್ತಿದ್ದೆ. ಅವರು ಅಚ್ಚ ಕನ್ನಡದಲ್ಲೇ ಕೇಳಿದರು.

ಬರೆಯುವ ಪರೀಕ್ಷೆ ಚಲೋ ಆಯಿತು. ಮಧ್ಯಾಹ್ನ ಒಳಗೆ ಕರೆದರು. ದೊಡ್ಡ ಮೇಜು, ಆಚೆ ಮೂವರು ಸಾಹೇಬರು. ಕುರ್ಚಿ ತೋರಿಸಿದರೂ ನಾನು ಕೂಡಲಿಲ್ಲ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ನಡುವಿನವರು ಮೊದಲನೆಯ ಪ್ರಶ್ನೆ ಕೇಳಿದರು, "ಗೇಜ್ ಗ್ಲಾಸಿನ್ಯಾಗ ನೀರು ಕಾಣವಲ್ದು. ಏನ್ ಮಾಡ್ತೀರಿ?"

ಅವ್ವ ಕೇಳಿದ್ದ ಪ್ರಶ್ನೆ! ಉತ್ತರ ಗಂಟಲಿಗೆ ಬಂತು, ಅಲ್ಲೇ ನಿಂತಿತು. ಗೋಡೆಯ ಗಡಿಯಾರದ ಸಪ್ಪಳ ಕೇಳುತ್ತಿತ್ತು. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. ಏನಾದರೂ ಹೇಳಿ ತಪ್ಪಿಸಿಕೊಂಡರೆ ಸಾಕೆನಿಸಿ, "ಪಂಪ್ ಚಾಲೂ ಮಾಡ್ತೇನ್ರಿ" ಎಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. "ಕಾದು ಕೆಂಪಾದ ತಗಡಿನ ಮ್ಯಾಲೆ ತಣ್ಣೀರು ಬಿಡ್ತೀರಿ? ಕಾರ್ಖಾನಿನೂ ಉಳಿಯೂದಿಲ್ಲ, ನೀವೂ ಉಳಿಯೂದಿಲ್ಲ. ಹೋಗ್ರಿ, ಓದಕೊಂಡ ಬರ್ರಿ."

ಕೆಳಗಿನ ನಳ ತಿರುಗಿಸಿ ನೋಡಬೇಕು, ಬರಿದಾಗಿದ್ದರೆ ಬೆಂಕಿಯನ್ನು ಹೊರಗೆಳೆಯಬೇಕು, ಗಾಳಿ ಮುಚ್ಚಬೇಕು, ಪಂಪು ಮುಟ್ಟಲೇಬಾರದು ಎಂಬುದು ಈಗ ಭಾಗ್ಯಶ್ರೀಗೂ ಗೊತ್ತು. ಬಾಗಿಲು ದಾಟುತ್ತಲೇ ಎಲ್ಲ ಸರಸರ ನೆನಪಾಯಿತು. ಹೊರಗಿನ ಜವಾನನಿಗೇ ಹೇಳಿದೆ. ಅವನು, "ಬರೋಬ್ಬರಿ ಐತ್ರಿ, ಆದ್ರ ನಾ ಮಾರ್ಕ್ಸ್ ಹಾಕೂದಿಲ್ಲಲ್ರಿ" ಎಂದ.

ಇಸಾಕಸಾಬರಿಗೆ ಮುಖ ತೋರಿಸುವುದು ಹೇಗೆಂದು ಹೆದರಿದ್ದೆ. ಅವರು ಒಲೆಯ ಬಾಯಿಗೆ ಶೇಂಗಾ ಸಿಪ್ಪೆ ತಳ್ಳುತ್ತ, "ನಾ ಮೂರು ಸಲ ನಪಾಸ ಆದಾಂವ, ತಮ್ಮಾ. ನನ್ನ ಹೇಣ್ತಿಗೆ ಇನ್ನೂ ಎರಡಽ ಸಲ ಅಂತ ಗೊತ್ತೈತಿ" ಎಂದರು. ನೀನು ಇದನ್ನು ರಾಣೆಬೆನ್ನೂರಿನಲ್ಲಿ ಯಾರಿಗೂ ಹೇಳಬೇಡ. ಬರೆಯಲೂ ಬೇಡ.

ಮಾರ್ಚಿನಲ್ಲಿ ಮತ್ತೊಮ್ಮೆ ಪರೀಕ್ಷೆ ಇದೆ. ಕೂಡಬೇಕೋ ಬೇಡವೋ ನೀನು ಬಂದ ಮೇಲೆ ನೋಡೋಣ.

ಮಾಲತೇಶ


ಕೋಲಾರ
16 ನವೆಂಬರ್ 2003

ಭಾಗ್ಯಶ್ರೀಯ ಅಪ್ಪನವರಿಗೆ,

ರಜೆ ಮುಗಿಸಿ ಬಂದ ಮೇಲೆ ಹಾಸ್ಟೆಲಿನ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿದೆ. ಅವ್ವ ಬಂದ್ಲು, ಅವ್ವ ಹ್ವಾದ್ಲು ಎನ್ನುವವನು ನಾನು ಖರೇ ಬಂದಾಗ ಆಯಿಯ ಸೆರಗಿನ ಹಿಂದೆ ಅಡಗಿದ. ಎರಡು ದಿನ ದೂರದಿಂದಲೇ ನೋಡಿದ. ಮೂರನೆಯ ದಿನ ಬಂದು ನನ್ನ ಊಟದ ತಾಟಿನಲ್ಲೇ ಕೂತ. ಅನ್ನದ ಮೇಲೆ. ನೀವು ಎತ್ತಿಕೊಳ್ಳಲು ಬಂದಿರಿ, ನಾನು ಬಿಡಲಿಲ್ಲ. ಆ ಅನ್ನದಷ್ಟು ರುಚಿಯಾದದ್ದನ್ನು ಈಚೆಗೆ ಉಂಡಿಲ್ಲ.

ಹೊರಡುವಾಗ ಅವನಿಗೆ ತ್ರಾಸಾಗಬಾರದೆಂದು ಬಸ್ಸು ಬಿಟ್ಟು ರೈಲಿಗೆ ಬಂದೆ. ಈಗ ರೈಲು ಕೂಗಿದರೂ ಓಡುತ್ತಾನೆಂದು ನೀವು ಬರೆದಿದ್ದೀರಿ. ಮುಂದಿನ ಸಲ ಏನನ್ನು ಹತ್ತಿ ಬರಲಿ?

ನಾನು, ಅತ್ತೆಯವರು, ಭಾಗ್ಯಶ್ರೀ ಮೂವರೂ ಮಂಚದ ಮೇಲೆ ಸಾಹೇಬರಾಗಿ ಕೂತು ನಿಮ್ಮ ಪರೀಕ್ಷೆ ಮಾಡಿದ್ದು ನೆನಪಿದೆಯಲ್ಲ? ಅತ್ತೆಯವರು ನಿಮ್ಮ ಕನ್ನಡಕ ಹಾಕಿಕೊಂಡು ಗತ್ತಿನಿಂದ ಕೂತರು. ನಮ್ಮನ್ನು ಕಂಡೂ ನೀವು ತೊದಲಿದಿರಿ. ಆಮೇಲೆ ಗುಡ್ಡೇಶ ಅತ್ತ ಅಂತ ಎತ್ತಿಕೊಂಡು ಅಡುಗೆಮನೆಯಲ್ಲಿ ಅಡ್ಡಾಡುತ್ತ ಅದೇ ಪ್ರಶ್ನೆಗೆ ಭಾಗ್ಯಶ್ರೀಗೆ ನೀರಿನಂತೆ ಉತ್ತರ ಕೊಟ್ಟಿರಿ. ನಾನು ಹೊರಗೆ ನಿಂತು ಪೂರ್ತಿ ಕೇಳಿದೆ. ಒಂದು ಮಾತು ತಪ್ಪಿರಲಿಲ್ಲ. ನಿಮಗೆ ಪಾಠ ಬರುತ್ತದೆ. ಎದುರಿಗೆ ಕೂತವರು ಸಾಹೇಬರು ಎನ್ನುವುದೊಂದನ್ನು ಮರೆಯುವುದು ಬಾಕಿ.

ಮಾರ್ಚಿನ ಅರ್ಜಿ ತುಂಬಿ, ನಿಮ್ಮ ಸಹಿಯನ್ನೂ ನಾನೇ ಮಾಡಿ, ಕಪಾಟಿನ ಎರಡನೆಯ ಹಂತದಲ್ಲಿ ಇಟ್ಟು ಬಂದಿದ್ದೆ. ಸಿಗದಿದ್ದರೆ ಹುಡುಕಬೇಡಿ. ಅತ್ತೆಯವರು ಅದನ್ನು ಆಗಲೇ ಇಸಾಕಸಾಬರ ಕೈಯಲ್ಲಿ ಅಂಚೆಗೆ ಹಾಕಿಸಿದ್ದಾರೆ.

ಸುಶ್ಮಿತಾ


ಬ್ಯಾಡಗಿ
18 ಜನವರಿ 2004

ಚಿ. ಸೌ. ಸುಶ್ಮಿತಾಳಿಗೆ,

ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯ ದಿನ ಊರೇ ಕೆಂಪು, ಊರೇ ಸೀನುತ್ತದೆ. ಹೊಸ ಬಾಯ್ಲರು ಬಂತು. ಇಪ್ಪತ್ತೆರಡು ಗಾಲಿಯ ಲಾರಿ ನಮ್ಮ ರಸ್ತೆಯ ತಿರುವಿನಲ್ಲಿ ಸಿಕ್ಕಿಕೊಂಡು ಮೂರು ತಾಸು ನಿಂತಿತು. ಭಾಗ್ಯಶ್ರೀ ತನ್ನ ಸಾಲೆಯ ಹುಡುಗಿಯರನ್ನೆಲ್ಲ ಕರೆದುಕೊಂಡು ಬಂದು, "ಇದು ಡ್ಯಾಂಪರ್, ಇದು ಸೇಫ್ಟಿ ವಾಲ್ವ್, ಇದನ್ನ ನಮ್ಮಪ್ಪ ನಡಸ್ತಾನ" ಎಂದು ತೋರಿಸಿದಳು. ಲಾರಿಯ ಡ್ರೈವರು ನನ್ನನ್ನು ನೋಡಿ ಸಲಾಮು ಹೊಡೆದ. ನನಗೆ ನೆಲ ಸೀಳಿದರೆ ಒಳಗೆ ಹೋಗಬೇಕೆನಿಸಿತು. ಪಾಸಾಗದಿದ್ದರೆ ಈ ಹುಡುಗಿಯ ಮುಖ ಹೇಗೆ ನೋಡಲಿ?

ಗುಡ್ಡೇಶನಿಗೆ ಕೆಮ್ಮು, ಜ್ವರ ಬಂದು ಎಂಟು ದಿನ ಓದಲಾಗಲಿಲ್ಲ. ಈಗ ಆರಾಮಾಗಿದ್ದಾನೆ, ಹೆದರಬೇಡ. ಜ್ವರದಲ್ಲಿ ಕೆಳಗಿಳಿಯಲೇ ಇಲ್ಲ. ಈಗಲೂ ಎತ್ತಿಕೊಂಡೇ ಇರಬೇಕೆನ್ನುತ್ತಾನೆ. ಎಡಗೈಯಲ್ಲಿ ಅವನು, ಬಲಗೈಯಲ್ಲಿ ಪುಸ್ತಕ, ಹಿತ್ತಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಲಿಗೆ ನಡೆಯುತ್ತ ಹೇಳಿಕೊಳ್ಳುತ್ತೇನೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಡಿಸೆಂಬರಿನಿಂದ ನಿನ್ನ ಪತ್ರಗಳು ಕಾರ್ಡಿಗೆ ಇಳಿದಿವೆ. ನಾಲ್ಕು ಸಾಲು, ಸಹಿ. ಅಲ್ಲಿ ಓದಿದವರ ನಡುವೆ ಇದ್ದು, ಈ ಶೇಂಗಾ ಸಿಪ್ಪೆ, ಖಾರದ ಪುಡಿಯ ಸುದ್ದಿ ಬೇಸರವಾಗಿರಬಹುದು. ಹಾಗಿದ್ದರೆ ನಾನೂ ಸಣ್ಣದಾಗಿ ಬರೆಯುತ್ತೇನೆ.

ಮಾಲತೇಶ


ಕೋಲಾರ
25 ಜನವರಿ 2004

ಭಾಗ್ಯಶ್ರೀಯ ಅಪ್ಪನವರಿಗೆ,

ನಿಮ್ಮ ಪತ್ರ ಸಣ್ಣದಾದರೆ ನಾನು ಅಂಚೆಯವನ ಜೊತೆ ಜಗಳ ಮಾಡುತ್ತೇನೆ. ಕಾರ್ಡು ಬರೆಯುವುದಕ್ಕೆ ಕಾರಣ ಇದೆ. ಬೇರೊಂದು ಕಡೆಗೆ ಬಹಳ ಪತ್ರ ಬರೆಯುತ್ತಿದ್ದೇನೆ. ಅದೇನೆಂದು ಈಗ ಕೇಳಬೇಡಿ. ಕೆಲಸ ಆದರೆ ಹೇಳುತ್ತೇನೆ, ಆಗದಿದ್ದರೆ ಹೇಳುವುದೇ ಇಲ್ಲ.

ಮಗನಿಗೆ ಮುಂಜಾನೆ ಬಿಸಿನೀರು ಕುಡಿಸಿ. ನೀವೂ ಕುಡಿಯಿರಿ. ಮಾರ್ಚಿನಲ್ಲಿ ದನಿ ಬೇಕು.

ಸುಶ್ಮಿತಾ


ಬ್ಯಾಡಗಿ
21 ಮಾರ್ಚ್ 2004, ಯುಗಾದಿ

ಸುಶ್ಮಿತಾ,

ಹೋಳಿಗೆ ಉಂಡು, ಎಲ್ಲರೂ ಮಲಗಿರುವ ಮಧ್ಯಾಹ್ನದಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆ ಬುಧವಾರ ಮುಗಿಯಿತು. ಹೇಗಾಯಿತೆಂದು ಕೇಳು.

ಇಸಾಕಸಾಬರು ತಾವೂ ಬರುತ್ತೇನೆಂದು ರಜೆ ಹಾಕಿದ್ದರು. ಹೊರಡುವಾಗ ಗುಡ್ಡೇಶ ಎದ್ದು ನನ್ನ ಪ್ಯಾಂಟು ಹಿಡಿದುಕೊಂಡ. ರೈಲಿಗೆ ಹೋದವರು ಬೇಗ ಬರುವುದಿಲ್ಲ ಎಂದು ಅವನಿಗೆ ಗೊತ್ತಾಗಿಬಿಟ್ಟಿದೆ. ಬೆರಳು ಒಂದೊಂದೇ ಬಿಡಿಸಿದರೂ ಮತ್ತೆ ಹಿಡಿಯುತ್ತಾನೆ. ಅವ್ವನೂ ಸೋತಳು. ಇಸಾಕಸಾಬರು, "ತಗೊಂಡ ನಡಿಯೋ. ನಾ ಮೊಮ್ಮಕ್ಕಳನ್ನ ಆಡಿಸಿದಾಂವ, ಇವನೇನು ಲೆಕ್ಕ?" ಎಂದರು. ಮೂವರೂ ಹುಬ್ಬಳ್ಳಿಗೆ ಹೋದೆವು.

ಮಧ್ಯಾಹ್ನ ಒಳಗೆ ಕರೆದರು. ಅದೇ ಮೇಜು, ಅದೇ ಗಡಿಯಾರ, ನಡುವೆ ಅದೇ ಸಾಹೇಬರು. ಅವರಿಗೆ ನನ್ನ ಗುರುತು ಸಿಕ್ಕಿತೆಂದು ಕಾಣುತ್ತದೆ, ಹುಬ್ಬು ಏರಿಸಿದರು. "ಬಾಯ್ಲರಿನೊಳಗ ನೀರು ಉಕ್ಕಿ ಹಬೀ ಜೋಡಿ ಹೊರಗ ಬರಾಕತ್ತೇತಿ. ಯಾಕ? ಏನ್ ಮಾಡ್ತೀರಿ?" ಎಂದರು. ಗಂಟಲು ಮತ್ತೆ ಕಟ್ಟಿತು, ಸುಶ್ಮಿತಾ. ಬಿಸಿನೀರು ಏನೂ ಮಾಡಲಿಲ್ಲ. ನಾನು ಅವರ ಪೆನ್ನು ನೋಡುತ್ತ ನಿಂತೆ. ಈ ಸಲವೂ ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಹೊರಗೆ ಗದ್ದಲ. ಬಿಸ್ಕೀಟು ಮುಗಿದಿತ್ತು. ಇಸಾಕಸಾಬರ ಕೈ ತಪ್ಪಿಸಿಕೊಂಡು, ಜವಾನನ ಕಾಲಡಿ ನುಸುಳಿ, "ಅಪ್ಪಾ" ಎಂದು ಕೂಗುತ್ತ ನಮ್ಮ ಮಗ ಒಳಗೆ ಬಂದ. ಬಂದವನೇ ನನ್ನ ಮೊಳಕಾಲು ತಬ್ಬಿ ಅಳತೊಡಗಿದ. ಜವಾನ ಎಳೆದರೆ ದನಿ ಇನ್ನೂ ಏರಿತು. ಬಾಗಿಲಲ್ಲಿ ಇಸಾಕಸಾಬರು ಕೈ ಜೋಡಿಸಿ ನಿಂತಿದ್ದರು.

ಬಲಗಡೆ ಕೂತಿದ್ದ ವಯಸ್ಸಾದ ಸಾಹೇಬರು, "ಎತ್ಕೊಳ್ರೀ ಮಾರಾಯ್ರ ಅವನ್ನ. ನಾವು ಕೇಳಿದ್ದು ನಮಗಽ ಕೇಳಸವಲ್ದು" ಎಂದರು.

ಎತ್ತಿಕೊಂಡೆ. ಎಡಗೈಗೆ ಹಾಕಿಕೊಂಡು, ತಲೆ ಹೆಗಲಿಗೆ ಒರಗಿಸಿ, ರೂಢಿಯಂತೆ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ಹಾಕಿದೆ. ಕೈ ಎಲ್ಲಿಡಬೇಕೆಂಬ ಚಿಂತೆ ಹೋಯಿತು. ಬಾಯಿ ತಾನೇ ಬಿಚ್ಚಿತು. "ಒಳಗಿನ ನೀರಿನ್ಯಾಗ ಹೊಲಸು ಹೆಚ್ಚಾಗೇತ್ರಿ, ಇಲ್ಲಾ ನೀರು ಅಳತಿಗಿಂತ ಮ್ಯಾಲೆ ಏರೇತ್ರಿ" ಎಂದು ಶುರು ಮಾಡಿದೆ. ಹಾಲು ಯಾಕೆ ಉಕ್ಕುತ್ತದೆ ಎನ್ನುವುದರಿಂದ ಹಿಡಿದು ಹೇಳಿದೆ. ಅವರು ಕೇಳುತ್ತ ಹೋದರು, ನಾನು ಅಡ್ಡಾಡುತ್ತ ಹೇಳುತ್ತ ಹೋದೆ. ಗೇಜ್ ಗ್ಲಾಸು, ಸೇಫ್ಟಿ ವಾಲ್ವು, ಕೊಳವೆಗೆ ಹತ್ತುವ ಉಪ್ಪು, ಹೊಗೆಯ ಬಣ್ಣ ನೋಡಿ ಬೆಂಕಿ ಹೇಗಿದೆ ಎಂದು ತಿಳಿಯುವುದು. ಒಂದೆರಡು ಕಡೆ 'ತಿಳೀತಿಲ್ಲೋ?' ಎಂದು ಸಾಹೇಬರನ್ನೇ ಕೇಳಿದೆನಂತೆ. ಇಸಾಕಸಾಬರು ಆಮೇಲೆ ಹೇಳಿದರು, ನನಗೆ ನೆನಪಿಲ್ಲ.

ಮುಗಿದಾಗ ಮಗ ನಿದ್ದೆ ಹೋಗಿದ್ದ. ನಡುವಿನ ಸಾಹೇಬರು ರಿಜಿಸ್ಟರು ಮುಂದೆ ತಳ್ಳಿ, ನಾನು ಒಂದೇ ಕೈಯಿಂದ ಸಹಿ ಮಾಡುವಾಗ ಮಗ ಏಳಬಾರದೆಂದು ಹಾಳೆಯ ತುದಿಯನ್ನು ತಾವೇ ಒತ್ತಿ ಹಿಡಿದರು. ಫಲಿತಾಂಶ ಅಂಚೆಯಲ್ಲಿ ಬರುತ್ತದೆ. ಹುಡುಗನನ್ನು ಒಳಗೆ ತಂದದ್ದಕ್ಕೆ ನಪಾಸು ಮಾಡುವ ಕಾಯ್ದೆ ಇದೆಯೋ ಏನೋ, ಪುಸ್ತಕದಲ್ಲಂತೂ ಕಾಣಲಿಲ್ಲ.

ಮಾಲತೇಶ


ಬ್ಯಾಡಗಿ
18 ಏಪ್ರಿಲ್ 2004

ಸುಶ್ಮಿತಾ,

ಪಾಸು! ಫಸ್ಟ್ ಕ್ಲಾಸು!

ನಿನ್ನೆ ರಿಜಿಸ್ಟರ್ಡ್ ಅಂಚೆಯಲ್ಲಿ ಸರ್ಟಿಫಿಕೇಟು ಬಂತು. ನನ್ನ ಹೆಸರು, ಸರ್ಕಾರದ ಮುದ್ರೆ, ಫೋಟೋ. ಅವ್ವ ಮುಟ್ಟಿ ನೋಡಿ, ಕೈ ಒರೆಸಿಕೊಂಡು ಮತ್ತೆ ಮುಟ್ಟಿದಳು. "ನಾನೂ ಪಾಸಾದಂಗ ಆತಲ್ಲೋ" ಎಂದಳು. ಭರಮವ್ವ ಪೇಡೆ ಹಂಚಿದಳು. ಭಾಗ್ಯಶ್ರೀ ಸರ್ಟಿಫಿಕೇಟನ್ನು ಗುಡ್ಡೇಶನ ಕೈಗೆ ಸಿಗದಂತೆ ಜಂತಿಗೆ ಕಟ್ಟಿಸಿದ್ದಾಳೆ. ಇಸಾಕಸಾಬರು ನನ್ನನ್ನು ಅಪ್ಪಿಕೊಂಡವರು ಬಹಳ ಹೊತ್ತು ಬಿಡಲಿಲ್ಲ.

ಈಗ ಒಂದು ಮುಖ್ಯ ವಿಷಯ. ನಾನು ಬಹಳ ವಿಚಾರ ಮಾಡಿದ್ದೇನೆ. ನಿನ್ನ ತರಬೇತಿ ಇನ್ನೂ ಒಂದು ವರ್ಷ ಇದೆ. ಅಷ್ಟು ದಿನ ಮಗ ಬಸ್ಸು, ರೈಲುಗಳ ಹಿಂದೆ ಓಡುವುದು ನನಗೆ ನೋಡಲಾಗುವುದಿಲ್ಲ. ಕೋಲಾರದ ಹತ್ತಿರ ಮಾಲೂರಿನಲ್ಲಿ ಇಸಾಕಸಾಬರ ಅಳಿಯ ಅಬ್ದುಲರಜಾಕ ಕೆಲಸ ಮಾಡುವ ಕಾರ್ಖಾನೆಯಲ್ಲಿ ಫಸ್ಟ್ ಕ್ಲಾಸಿನವನು ಬೇಕಂತೆ. ಬರುತ್ತೇನೆಂದು ಬರೆದಿದ್ದೇನೆ. ಅವ್ವನೂ ಹೂಂ ಅಂದಿದ್ದಾಳೆ. ಜೂನಿಗೆ ನಾವು ನಾಲ್ವರೂ ಅಲ್ಲಿಗೆ ಬರುತ್ತೇವೆ. ಇಲ್ಲಿನ ಹೊಸ ಬಾಯ್ಲರನ್ನು ಬೇರೆ ಯಾರಾದರೂ ನಡೆಸಲಿ. ಮುಂದಿನ ಸೋಮವಾರ, 26ಕ್ಕೆ, ಮಾಲೀಕರಿಗೆ ಹೇಳುವವನಿದ್ದೇನೆ. ನೀನು ಬೇಡ ಎನ್ನಬೇಡ.

ಮಾಲತೇಶ


ಕೋಲಾರ
18 ಏಪ್ರಿಲ್ 2004

ಭಾಗ್ಯಶ್ರೀಯ ಅಪ್ಪನವರಿಗೆ,

ನಿಮ್ಮ ಫಲಿತಾಂಶ ಬಂತೋ ಇಲ್ಲವೋ ತಿಳಿಯದು. ಅದು ಏನೇ ಆಗಿರಲಿ, ಇದನ್ನು ಹೇಳಲು ತಡೆಯಲಾರೆ.

ಡಿಸೆಂಬರಿನಿಂದ ನಾನು ಯಾರಿಗೆ ಬರೆಯುತ್ತಿದ್ದೆ ಗೊತ್ತೇ? ಹಾವೇರಿಯ ತರಬೇತಿ ಸಂಸ್ಥೆಯಲ್ಲಿ ಓದುತ್ತಿರುವ ಮುನಿರತ್ನಮ್ಮ ಎಂಬ ಹುಡುಗಿಗೆ. ಅವಳ ಊರು ಇಲ್ಲೇ ಕೋಲಾರದ ಬದಿ. ಜೋಳದ ರೊಟ್ಟಿ ತಿಂದು ದವಡೆ ನೋವು ಎಂದು ಅವಳ ಅಳಲು, ಮುದ್ದೆ ನುಂಗಿ ಗಂಟಲು ನೋವು ಎಂದು ನನ್ನದು. ಇಬ್ಬರೂ ಜಾಗ ಅದಲುಬದಲು ಮಾಡಿಕೊಡಿ ಎಂದು ಎರಡೂ ಕಡೆ ಅರ್ಜಿ ಹಾಕಿದೆವು. ನಾಲ್ಕು ತಿಂಗಳು ಕಾಗದಗಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿದವು. ಶುಕ್ರವಾರ ಆದೇಶ ಬಂತು. ಎರಡನೆಯ ವರ್ಷ ನನಗೆ ಹಾವೇರಿ!

ಬೆಳಿಗ್ಗೆ ಮನೆಯಿಂದ ಹೋಗಿ ಸಂಜೆ ಮನೆಗೆ ಬರಬಹುದು. ಆಗುತ್ತದೋ ಇಲ್ಲವೋ ಎಂದು ಮೊದಲೇ ಹೇಳಿ ನಿಮ್ಮ ಓದು ಕೆಡಿಸಲು ಮನಸ್ಸಾಗಲಿಲ್ಲ. ನಿಮ್ಮ ಖಾರದ ಪುಡಿಯ ಸುದ್ದಿ ನನಗೆ ಬೇಸರವಾಗಿದೆ ಎಂದು ಬರೆದಿರಲ್ಲ, ಅದನ್ನು ಮಾತ್ರ ಎದುರಿಗೆ ಕೂಡಿಸಿ ಕೇಳುವವಳಿದ್ದೇನೆ.

ಸುಶ್ಮಿತಾ


ಕೋಲಾರ
22 ಏಪ್ರಿಲ್ 2004

ಫಸ್ಟ್ ಕ್ಲಾಸ್ ಅಪ್ಪನವರಿಗೆ,

ನಿಮ್ಮ ಪತ್ರ ಈಗ ಬಂತು. ನನ್ನದು ಇಷ್ಟು ಹೊತ್ತಿಗೆ ನಿಮ್ಮ ಕೈ ಸೇರಿರಬೇಕು, ನೀವೂ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿರಬೇಕು. ಪಾಸು ಎನ್ನುವುದನ್ನು ಓದಿ ವರಾಂಡದ ಉದ್ದಕ್ಕೂ ಓಡಿದೆ. ಮುಂದಿನದನ್ನು ಓದಿ ಅಲ್ಲೇ ನಿಂತೆ. ಆ ಬಾಯ್ಲರಿಗಾಗಿ ಎರಡು ಸಲ ಹುಬ್ಬಳ್ಳಿಗೆ ಹೋದವರು ಅದನ್ನು ಬಿಟ್ಟು ನನಗಾಗಿ ಮಾಲೂರಿಗೆ ಬರಲು ಹೊರಟಿದ್ದಿರಿ. ಗೆಳತಿಯರು ಏನಾಯಿತೆಂದು ಕೇಳಿದರು. ನನಗೆ ಹೇಳಲಾಗಲಿಲ್ಲ. ನೀವು ಗಂಟಲು ಕಟ್ಟುತ್ತದೆ ಎಂದು ಬರೆದದ್ದು ಹೇಗಿರುತ್ತದೆಂದು ಇಂದು ತಿಳಿಯಿತು.

ಇನ್ನು ಕೇಳಿ. ಎಲ್ಲಿಗೂ ಹೊರಡಬೇಡಿ. ಸೋಮವಾರ ಮಾಲೀಕರ ಹತ್ತಿರ ಹೋಗಿ, ಆದರೆ ಬಾಯ್ಲರಿಗೆ ಬೆಂಕಿ ಹಾಕುವುದು ಯಾವತ್ತು ಎಂದು ಕೇಳುವುದಕ್ಕೆ. ಅಬ್ದುಲರಜಾಕ ಅಣ್ಣನಿಗೆ ಬರುವುದಿಲ್ಲವೆಂದು ಬರೆಯಿರಿ. ಅತ್ತೆಯವರಿಗೆ ಗಂಟು ಬಿಚ್ಚಲು ಹೇಳಿ.

ಮೇ ಒಂದನೇ ತಾರೀಖು ಶನಿವಾರ ಬೆಳಗಿನ ರೈಲಿಗೆ ಬ್ಯಾಡಗಿಯಲ್ಲಿ ಇಳಿಯುತ್ತೇನೆ. ಮಕ್ಕಳಿಬ್ಬರನ್ನೂ ಸ್ಟೇಷನ್ನಿಗೆ ಕರೆತನ್ನಿ. ನನ್ನ ಹತ್ತಿರ ಎರಡು ಟ್ರಂಕುಗಳಿವೆ, ಎರಡೂ ಭಾರ. ರೈಲು ಅಲ್ಲಿ ಎರಡೇ ನಿಮಿಷ ನಿಲ್ಲುತ್ತದೆ. ಇಳಿಸಿಕೊಳ್ಳಲು ಸೆಕೆಂಡ್ ಕ್ಲಾಸಿನವರನ್ನು ಕಳಿಸಬೇಡಿ.

ನಿಮ್ಮ
ಸುಶ್ಮಿತಾ